ದೇವರಿಗೇ ಹೇಳಬಹುದಲ್ಲ, ಸಂತರನ್ನು ಯಾಕೆ ಕೇಳಬೇಕು?

ನವೆಂಬರ್ 1ರ ಸಕಲ ಸಂತರ ಹಬ್ಬದ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಕೆಲವು ಪತ್ರಗಳು ಜಗಳಕ್ಕೇ ಬಂದಿವೆ. ನನಗೆ ಅವೇ ಜಾಸ್ತಿ ಇಷ್ಟವಾದವು. ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಲೇ ಕೂದಲು ಬೆಳ್ಳಗಾದವಳು ನಾನು. ಏನೂ ಕೇಳದೆ ತಲೆಯಾಡಿಸುವ ಮಕ್ಕಳನ್ನು ಕಂಡರೇ ನನಗೆ ಭಯ. ಈ ಸಲ ಬೇರೆ ವಿಷಯ ಬೇಡ, ಸಂತರನ್ನು ಬೇಡಿಕೊಳ್ಳುವುದು ಸರಿಯೇ ಎನ್ನುವ ಇದೊಂದನ್ನೇ ನೋಡೋಣ.

ಪ್ರಶ್ನೆ: ಟೀಚರ್, ನಾನು ಕಥೋಲಿಕನಲ್ಲ, ನನ್ನ ಹೆಂಡತಿ ಕಥೋಲಿಕಳು. ಮಾತೆ ಮರಿಯಳಿಗೆ, ಸಂತ ಅಂತೋಣಿಗೆ, ಇನ್ನೂ ಯಾರ್ಯಾರಿಗೋ ಪ್ರಾರ್ಥಿಸುತ್ತಾಳೆ. ದೇವರಿಗೂ ಮನುಷ್ಯರಿಗೂ ನಡುವೆ ಇರುವ ಮಧ್ಯಸ್ಥ ಒಬ್ಬನೇ, ಅವನು ಯೇಸುಕ್ರಿಸ್ತ ಎಂದು ಬೈಬಲಿನಲ್ಲೇ ಇದೆ. ಹಾಗಿರುವಾಗ ಈ ಸಂತರೆಲ್ಲ ಯಾಕೆ? ದೇವರ ಹತ್ತಿರವೂ ವಶೀಲಿ ಬೇಕಾ?

ಉತ್ತರ: ವಶೀಲಿ! ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ನಮ್ಮವರಲ್ಲೂ ಎಷ್ಟೋ ಜನ ಹಾಗೆಯೇ ತಿಳಿದಿದ್ದಾರೆ. ಸಾಹೇಬರು ಸಿಡುಕರು, ಬಾಗಿಲು ತೆಗೆಯುವುದಿಲ್ಲ, ಅಮ್ಮಾವ್ರನ್ನು ಹಿಡಿದರೆ ಕೆಲಸ ಆಗುತ್ತದೆ ಎನ್ನುವ ಲೆಕ್ಕ ಅದು. ದೇವರಿಗಿಂತ ಮರಿಯಳಿಗೆ ನಮ್ಮ ಮೇಲೆ ಕರುಣೆ ಜಾಸ್ತಿ ಎಂದು ಯಾರಾದರೂ ಹೇಳಿದರೆ ಅದು ಕಥೋಲಿಕ ಬೋಧನೆ ಅಲ್ಲವೇ ಅಲ್ಲ. ಮರಿಯಳಿಗೆ ಕರುಣೆ ಕೊಟ್ಟವನೇ ದೇವರು.

ನೀವು ಹೇಳಿದ ಮಾತು ತಿಮೊಥೇಯನಿಗೆ ಪೌಲ ಬರೆದ ಮೊದಲ ಪತ್ರದ 2ನೇ ಅಧ್ಯಾಯದ 5ನೇ ವಚನ. ಅದನ್ನು ನಾವೂ ಪೂರ್ತಿ ನಂಬುತ್ತೇವೆ. ಆದರೆ ಅದೇ ಅಧ್ಯಾಯದ 1ನೇ ವಚನದಿಂದ ಓದಿ. ಎಲ್ಲರಿಗಾಗಿ ಬೇಡಿಕೊಳ್ಳಿ, ಪ್ರಾರ್ಥಿಸಿ, ವಿಜ್ಞಾಪನೆ ಮಾಡಿ ಎಂದು ಪೌಲ ಶುರುಮಾಡುವುದೇ ಅಲ್ಲಿಂದ. ಒಬ್ಬರಿಗಾಗಿ ಇನ್ನೊಬ್ಬರು ಬೇಡಿದರೆ ಕ್ರಿಸ್ತನ ಜಾಗಕ್ಕೆ ಕುತ್ತು ಎಂದು ಅವನಿಗೆ ಅನ್ನಿಸಿದ್ದರೆ ಹಾಗೆ ಬರೆಯುತ್ತಿದ್ದನೇ? ಅವನೇ ರೋಮಿನವರಿಗೆ ಬರೆದ ಪತ್ರದ 15ನೇ ಅಧ್ಯಾಯದಲ್ಲಿ, ನನಗಾಗಿ ದೇವರನ್ನು ಬೇಡಿಕೊಳ್ಳಿ ಎಂದು ಅಂಗಲಾಚುತ್ತಾನೆ. ಪೌಲನಿಗೆ ದೇವರ ಜೊತೆ ನೇರ ಮಾತಿಗೇನು ಕಮ್ಮಿ ಇತ್ತು ಹೇಳಿ? ಆದರೂ ಬೇರೆಯವರ ಪ್ರಾರ್ಥನೆ ಬೇಕು ಎಂದ.

ಯೋಬನ ಗ್ರಂಥದ ಕೊನೆಯ ಅಧ್ಯಾಯವನ್ನು ನಾನು ತರಗತಿಯಲ್ಲಿ ತಪ್ಪದೆ ಓದಿಸುತ್ತಿದ್ದೆ. ಯೋಬನನ್ನು ಚುಚ್ಚಿ ಚುಚ್ಚಿ ಮಾತಾಡಿದ ಮೂವರು ಗೆಳೆಯರ ಮೇಲೆ ದೇವರಿಗೆ ಕೋಪ ಬಂದಿದೆ. ಅವರ ಜೊತೆ ದೇವರೇ ಮಾತಾಡುತ್ತಿದ್ದಾನೆ, ನೇರವಾಗಿ. ಕ್ಷಮಿಸಿದ್ದೇನೆ ಹೋಗಿ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಹೇಳುವುದು ಬೇರೆ: ಬಲಿ ತೆಗೆದುಕೊಂಡು ನನ್ನ ಸೇವಕ ಯೋಬನ ಹತ್ತಿರ ಹೋಗಿ, ಅವನು ನಿಮಗಾಗಿ ಪ್ರಾರ್ಥಿಸುತ್ತಾನೆ, ಅವನ ಪ್ರಾರ್ಥನೆಯನ್ನು ನಾನು ಕೇಳುತ್ತೇನೆ. ಅಂದರೆ ಆ ಮೂವರು ತಾವು ನೋಯಿಸಿದವನ ಮುಂದೆಯೇ ಹೋಗಿ ನಿಲ್ಲಬೇಕು. ಯೋಬನೂ ತನ್ನನ್ನು ನೋಯಿಸಿದವರಿಗಾಗಿ ಬಾಯಿ ತೆರೆಯಬೇಕು. ಕ್ಷಮೆ ಸಿಕ್ಕಿದ್ದಷ್ಟೇ ಅಲ್ಲ, ಮುರಿದ ಗೆಳೆತನವೂ ಸರಿಹೋಯಿತು. ದೇವರಿಗೆ ಸುತ್ತು ದಾರಿಯ ಅಗತ್ಯ ಇಲ್ಲ, ನಿಜ. ಆದರೆ ಅವನು ಒಬ್ಬೊಬ್ಬರನ್ನೇ ಬೇರೆ ಬೇರೆ ಕರೆದು ಕೊಡುವವನಲ್ಲ. ನಾವು ಒಬ್ಬರಿಗೊಬ್ಬರು ಬೇಕಾಗುವ ಹಾಗೆ ಕೊಡುತ್ತಾನೆ. ಸಂತರ ವಿಷಯದಲ್ಲಿ ನನಗೆ ಹೇಳಲಿಕ್ಕಿರುವುದೇ ಇದು. ಸಾವು ಬಂದರೆ ಈ ಒಬ್ಬರಿಗೊಬ್ಬರು ನಿಂತುಹೋಗುವುದಿಲ್ಲ ಎಂದು ನಾವು ನಂಬುತ್ತೇವೆ. ವಿಶ್ವಾಸ ಪ್ರಮಾಣದಲ್ಲಿ ಸಂತರ ಅನ್ಯೋನ್ಯತೆ ಎನ್ನುವುದು ಇದಕ್ಕೇ.

ಇನ್ನೊಂದು ಕೆಲಸ ಮಾಡಿ. ನಿಮ್ಮ ಮನೆಯವರು ಒಂದೊಂದೇ ಹೆಸರು ಕರೆದು ಬೇಡುವ ಮನವಿಮಾಲೆ ಹೇಳುವಾಗ ಸುಮ್ನೆ ಪಕ್ಕದಲ್ಲಿ ಕೂತು ಕೇಳಿ. ಕ್ರಿಸ್ತನ ಹೆಸರು ಬಂದಾಗ ದಯೆ ತೋರಿ ಎಂದು ಬೇಡುತ್ತಾರೆ. ಮರಿಯಳ ಹೆಸರು, ಪೇತ್ರನ ಹೆಸರು ಬಂದಾಗ ನಮಗಾಗಿ ಪ್ರಾರ್ಥಿಸಿರಿ ಎನ್ನುತ್ತಾರೆ. ಒಂದು ಸಲವೂ ಅದಲುಬದಲಾಗುವುದಿಲ್ಲ. ಸಂತರ ಹಬ್ಬದ ದಿನದ ಬಲಿಪೂಜೆಯಲ್ಲೂ ಗುರುಗಳು ಹೇಳುವ ಮುಖ್ಯ ಪ್ರಾರ್ಥನೆ ಸಾಮಾನ್ಯವಾಗಿ ತಂದೆಯಾದ ದೇವರಿಗೇ, ಕ್ರಿಸ್ತನ ಮೂಲಕವೇ. ಸಂತರು ಅಲ್ಲಿ ನಮ್ಮ ಸಾಲಿನಲ್ಲೇ ನಿಂತು ನಮ್ಮ ಜೊತೆ ಕೇಳುವವರು.

ನಿಮ್ಮ ಹೆಂಡತಿ ಸಂತರ ಜೊತೆಗೇ ಮಾತಾಡಿ ದೇವರ ಜೊತೆ ಮಾತೇ ಆಡುವುದಿಲ್ಲ ಎಂದಾದರೆ ಮಾತ್ರ ನಿಮ್ಮ ದೂರಿನಲ್ಲಿ ಹುರುಳಿದೆ. ಅಂಥವರೂ ಇದ್ದಾರೆ, ನಾನು ನೋಡಿದ್ದೇನೆ.

ಪ್ರಶ್ನೆ: ಸಂತರು ಸತ್ತಿದ್ದಾರೆ. ಸತ್ತವರ ಜೊತೆ ಮಾತಾಡುವುದನ್ನು ಬೈಬಲ್ ನಿಷೇಧಿಸಿದೆ. ಮಾತಾಡಿದರೂ ಅವರಿಗೆ ಕೇಳಿಸುವುದಾದರೂ ಹೇಗೆ? ಒಂದೇ ಗಳಿಗೆಯಲ್ಲಿ ಕೋಟಿ ಜನ ಜಪಸರ ಹೇಳಿದರೆ ಮರಿಯಳು ಯಾರದ್ದನ್ನು ಕೇಳಬೇಕು?

ಉತ್ತರ: ಕೊನೆಯ ಪ್ರಶ್ನೆಯನ್ನು ನನ್ನ ತರಗತಿಯ ಒಬ್ಬ ಹುಡುಗ ಇನ್ನೂ ಚೆನ್ನಾಗಿ ಕೇಳಿದ್ದ. ಮರಿಯಮ್ಮನಿಗೆ ಎಷ್ಟು ಭಾಷೆ ಬರುತ್ತೆ ಟೀಚರ್ ಎಂದ. ಇಡೀ ತರಗತಿ ನಕ್ಕಿತು. ನಗುವ ಪ್ರಶ್ನೆ ಅಲ್ಲ ಅದು.

ಮೊದಲು ನಿಷೇಧದ ಮಾತು. ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಬೇಡವೆನ್ನುವುದು ಸತ್ತವರನ್ನು ಎಬ್ಬಿಸಿ ಗುಟ್ಟು ಕೇಳುವುದನ್ನು. ಸೌಲ ರಾಜ ಏಂದೋರಿನ ಹೆಂಗಸಿನ ಹತ್ತಿರ ಹೋಗಿ ಸಮುವೇಲನನ್ನು ಕರೆಸಿದ್ದು ಯುದ್ಧದಲ್ಲಿ ತನಗೇನಾಗುತ್ತದೆ ಎಂದು ತಿಳಿಯಲಿಕ್ಕೆ. ದೇವರು ಉತ್ತರ ಕೊಡಲಿಲ್ಲ ಎಂದು ಅವನನ್ನು ಬಿಟ್ಟು ಬೇರೆ ಬಾಗಿಲು ತಟ್ಟಿದ. ಅದು ಮಾಟದ ದಾರಿ. ಸಂತರನ್ನು ಬೇಡುವವರು ಯಾರನ್ನೂ ಎಬ್ಬಿಸುವುದಿಲ್ಲ, ಭವಿಷ್ಯ ಕೇಳುವುದಿಲ್ಲ, ಉತ್ತರಕ್ಕೆ ಕಿವಿಗೊಟ್ಟು ಕಾಯುವುದೂ ಇಲ್ಲ. ನಮಗಾಗಿ ದೇವರನ್ನು ಬೇಡಿ ಎನ್ನುತ್ತೇವೆ, ಅಷ್ಟೇ. ಒಂದು ಮಾತು ಸೇರಿಸುತ್ತೇನೆ: ಸಂತರು ನನ್ನ ಮೈಮೇಲೆ ಬಂದು ಮಾತಾಡುತ್ತಾರೆ ಎಂದು ಯಾರಾದರೂ ಜನ ಸೇರಿಸಿದರೆ ಅತ್ತ ಹೋಗಬೇಡಿ.

ಇನ್ನು ಅವರು ಸತ್ತಿದ್ದಾರೆಯೇ ಎನ್ನುವುದು. ಇದಕ್ಕೆ ಯೇಸುವೇ ಉತ್ತರ ಕೊಟ್ಟಿದ್ದಾನೆ. ಪುನರುತ್ಥಾನ ಇಲ್ಲ ಎಂದ ಸದ್ದುಕಾಯರಿಗೆ ಅವನು ಹೇಳಿದ್ದು, ದೇವರು ಅಬ್ರಹಾಮನ, ಇಸಾಕನ, ಯಾಕೋಬನ ದೇವರು. ಅವನು ಸತ್ತವರ ದೇವರಲ್ಲ, ಬದುಕಿರುವವರ ದೇವರು ಎಂದು. ಬೆಟ್ಟದ ಮೇಲೆ ಯೇಸುವಿನ ರೂಪ ಬದಲಾದಾಗ ಮೋಶೆ ಮತ್ತು ಎಲೀಯ ಬಂದು ಮಾತಾಡಿದರಲ್ಲ, ಏನು ಮಾತಾಡಿದರು ಗೊತ್ತಾ? ಜೆರುಸಲೇಮಿನಲ್ಲಿ ಅವನಿಗೆ ಬರಲಿದ್ದ ಸಾವಿನ ಬಗ್ಗೆ. ಲೂಕ ಹೀಗೆ ಬರೆಯುತ್ತಾನೆ. ಮೋಶೆ ಸತ್ತು ಎಷ್ಟೋ ಶತಮಾನ ಆಗಿತ್ತು, ಆದರೂ ಭೂಮಿಯ ಮೇಲೆ ನಡೆಯುವುದು ಗೊತ್ತಿತ್ತು. ಒಬ್ಬ ಪಾಪಿ ಮನಸ್ಸು ಬದಲಾಯಿಸಿದರೆ ಸ್ವರ್ಗದಲ್ಲಿ ಸಂತೋಷವಾಗುತ್ತದೆ ಎಂದೂ ಯೇಸು ಹೇಳಿದ. ಯಾರೋ ಒಬ್ಬನ ಮನಸ್ಸಿನೊಳಗೆ ನಡೆದದ್ದು ಅಲ್ಲಿಗೆ ಮುಟ್ಟಿದೆ ಎಂದಾಯಿತು. ಪ್ರಕಟನಾ ಗ್ರಂಥದ 5ನೇ ಅಧ್ಯಾಯದಲ್ಲಿ 24 ಹಿರಿಯರು ದೇವರ ಕುರಿಮರಿಯಾದ ಕ್ರಿಸ್ತನ ಮುಂದೆ ಧೂಪ ತುಂಬಿದ ಚಿನ್ನದ ಬಟ್ಟಲುಗಳನ್ನು ಹಿಡಿದಿದ್ದಾರೆ. ಆ ಧೂಪ ದೇವಜನರ ಪ್ರಾರ್ಥನೆ ಎಂದು ಅಲ್ಲೇ ಬರೆದಿದೆ.

ಹೇಗೆ ಕೇಳಿಸುತ್ತದೆ? ಸಂತ ತೋಮಸ್ ಅಕ್ವಿನಾಸ್ 13ನೇ ಶತಮಾನದಲ್ಲಿ ಇದಕ್ಕೆ ಕೊಟ್ಟ ಉತ್ತರವೇ ನನಗೆ ಸಮಾಧಾನ ಕೊಟ್ಟದ್ದು. ಸಂತರಿಗೆ ಸ್ವಂತ ಶಕ್ತಿಯಿಂದ ಏನೂ ಕೇಳಿಸುವುದಿಲ್ಲ. ಅವರು ದೇವರನ್ನು ಮುಖಾಮುಖಿ ನೋಡುತ್ತಾರೆ. ತಮಗೆ ಸಂಬಂಧಪಟ್ಟದ್ದನ್ನು ಅವನಲ್ಲೇ ತಿಳಿಯುತ್ತಾರೆ. ತಿಳಿಸುವವನು ದೇವರು. ಹಾಗಾದಾಗ ಭಾಷೆಯ ಲೆಕ್ಕವೂ ಇಲ್ಲ, ಸರದಿಯ ಲೆಕ್ಕವೂ ಇಲ್ಲ. ಮರಿಯಳು ಎಲ್ಲವನ್ನೂ ತಿಳಿದವಳು ಎಂದು ನಾವು ಹೇಳುವುದಿಲ್ಲ. ಕೋಟಿ ದೊಡ್ಡ ಸಂಖ್ಯೆ, ಸರಿ. ಆದರೂ ಅದಕ್ಕೊಂದು ಕೊನೆ ಇದೆ. ಕೊನೆ ಇಲ್ಲದವನು ದೇವರೊಬ್ಬನೇ.

ಆ ಹುಡುಗನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಎಲ್ಲ ಭಾಷೆ ಬರುವವನ ಪಕ್ಕದಲ್ಲೇ ಇದ್ದಾಳಲ್ಲಪ್ಪ ಎಂದೆ. ಅವನಿಗೆ ಸಾಕಾಯಿತು.

ಪ್ರಶ್ನೆ: ಆದಿ ಕ್ರೈಸ್ತರಲ್ಲಿ ಇದು ಇರಲೇ ಇಲ್ಲ, ಮಧ್ಯಯುಗದಲ್ಲಿ ಪೋಪರು ತಂದದ್ದು ಎಂದು ನನ್ನ ಗೆಳೆಯ ವಾದಿಸುತ್ತಾನೆ. ನಿಜವೇ?

ಉತ್ತರ: ನಿಮ್ಮ ಗೆಳೆಯರನ್ನು ರೋಮಿನ ಸಂತ ಸೆಬಾಸ್ಟಿಯನ್ ನೆಲಮಾಳಿಗೆಯ ಸಮಾಧಿಗಳ ಕಡೆ ಕಳಿಸಬೇಕು. ಅಪ್ಪಿಯಾ ರಸ್ತೆಯ ಪಕ್ಕದಲ್ಲಿದೆ. 1915ರಲ್ಲಿ ಅಲ್ಲಿ ಅಗೆದಾಗ ಒಂದು ಗೋಡೆ ಸಿಕ್ಕಿತು. ಅದರ ತುಂಬ ಜನ ಕೈಯಾರೆ ಗೀಚಿದ ನೂರಾರು ಬರಹ. 3ನೇ ಶತಮಾನದ ಮಧ್ಯದಿಂದ ಈಚಿನವು. ಪೌಲ, ಪೇತ್ರ, ವಿಕ್ಟರನಿಗಾಗಿ ಬೇಡಿಕೊಳ್ಳಿ ಎಂದು ಒಂದರಲ್ಲಿದೆ. ಪಂಡಿತರ ಬರಹವಲ್ಲ ಅದು. ಯಾರೋ ಬಂದರು, ಮೊಳೆಯನ್ನೋ ಚೂಪಾದ ಇನ್ನೇನನ್ನೋ ಹಿಡಿದು ಗೋಡೆ ಕೆರೆದರು, ಹೋದರು. ಆಗ ಕ್ರೈಸ್ತರಾಗಿರುವುದೇ ಅಪಾಯವಾಗಿತ್ತು. ಯಾವ ಪೋಪರೂ ಅವರ ಕೈಹಿಡಿದು ಬರೆಸಿರಲಾರರು.

ಮರಿಯಳನ್ನು ದೇವಮಾತೆ ಎಂದು ಕರೆದು, ನಮ್ಮ ಮೊರೆಯನ್ನು ತಳ್ಳಬೇಡ, ಅಪಾಯದಿಂದ ಬಿಡಿಸು ಎಂದು ಬೇಡುವ ಗ್ರೀಕ್ ಪ್ರಾರ್ಥನೆಯ ಒಂದು ಹರಿದ ಪಪೈರಸ್ ತುಂಡು ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿದೆ. 1938ರಲ್ಲಿ ಅದನ್ನು ಪ್ರಕಟಿಸಿದರು. ಕೆಲವರು ಅದನ್ನು 3ನೇ ಶತಮಾನದ್ದು ಎನ್ನುತ್ತಾರೆ, ಇನ್ನು ಕೆಲವರು ಅಷ್ಟು ಹಳೆಯದಲ್ಲ ಎನ್ನುತ್ತಾರೆ. ನಾನು ಅದನ್ನು ಹಿಡಿದು ವಾದ ಮಾಡುವುದಿಲ್ಲ. ಗೋಡೆ ಸಾಕು.

ಇದಕ್ಕೂ ಮುಂಚೆ, 2ನೇ ಶತಮಾನದಲ್ಲಿ, ಸ್ಮಿರ್ನದ ಧರ್ಮಾಧ್ಯಕ್ಷ ಪೊಲಿಕಾರ್ಪರನ್ನು ಕೊಂದಾಗ ಅಲ್ಲಿನ ಕ್ರೈಸ್ತರು ಒಂದು ಪತ್ರ ಬರೆದರು. ದೇವರ ಮಗ ಎಂದು ಕ್ರಿಸ್ತನನ್ನು ಆರಾಧಿಸುತ್ತೇವೆ, ಅವನ ಶಿಷ್ಯರು ಎಂದು ಹುತಾತ್ಮರನ್ನು ಪ್ರೀತಿಸುತ್ತೇವೆ ಎನ್ನುತ್ತದೆ ಅದು. ಈ ಗಡಿಯನ್ನು ಅವರು ಆಗಲೇ ಗುರುತು ಮಾಡಿಟ್ಟಿದ್ದರು. ಆಮೇಲೆ 406ರಲ್ಲಿ ಸಂತ ಜೆರೋಮ್, ಇದನ್ನೆಲ್ಲ ಹೀಯಾಳಿಸಿದ ವಿಜಿಲಾಂಶಿಯಸ್ ಎಂಬ ಗುರುವಿನ ಮೇಲೆ ಕೆಂಡ ಕಾರಿದರು. ಅಪೊಸ್ತಲರೂ ಹುತಾತ್ಮರೂ ದೇಹದಲ್ಲಿದ್ದು ತಮ್ಮ ಚಿಂತೆಯೇ ಇನ್ನೂ ಮುಗಿಯದಿದ್ದಾಗ ಬೇರೆಯವರಿಗಾಗಿ ಬೇಡಬಲ್ಲವರಾಗಿದ್ದರೆ, ಗೆದ್ದು ಕಿರೀಟ ಪಡೆದ ಮೇಲೆ ಇನ್ನೆಷ್ಟು ಬೇಡಬಲ್ಲರು ಎನ್ನುವುದು ಅವರ ವಾದ. ಬೈಗುಳ ತೆಗೆದು ನೋಡಿದರೂ ವಾದ ನಿಲ್ಲುತ್ತದೆ.

ನ್ಯಾಯವಾಗಿ ಆ ಕಡೆಯ ಮಾತನ್ನೂ ಹೇಳಬೇಕಲ್ಲ. 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯಲ್ಲಿ ಪ್ರೊಟೆಸ್ಟೆಂಟರಾದ ಲೂಥರನ್ನರು, ಸಂತರ ಬಾಳನ್ನು ನೆನೆಯಿರಿ, ಆದರೆ ಅವರನ್ನು ಬೇಡಿಕೊಳ್ಳಿ ಎಂದು ಧರ್ಮಗ್ರಂಥ ಕಲಿಸುವುದಿಲ್ಲ ಎಂದರು. ಮರುವರ್ಷ ಅದನ್ನು ಸಮರ್ಥಿಸಿ ಬರೆದ ಮೆಲಾಂಕ್ಟನ್, ಸ್ವರ್ಗದಲ್ಲಿರುವ ಸಂತರು ಒಟ್ಟು ಸಭೆಗಾಗಿ ಪ್ರಾರ್ಥಿಸುತ್ತಾರೆ ಎಂಬುದನ್ನು ಒಪ್ಪಿಕೊಂಡರು. ಅವರು ಪ್ರಾರ್ಥಿಸುತ್ತಾರೆ, ಸರಿ. ನಾವು ಕೇಳಬಹುದೇ ಎಂಬಲ್ಲಿ ಜಗಳ ಉಳಿಯಿತು. ಕಥೋಲಿಕರ ಬೈಬಲಿನಲ್ಲಿ ಮಕ್ಕಬಿಯರ ಎರಡನೆಯ ಗ್ರಂಥ ಇದೆ. ಅದರ 15ನೇ ಅಧ್ಯಾಯದಲ್ಲಿ, ಎಂದೋ ಸತ್ತ ಪ್ರವಾದಿ ಯೆರೆಮೀಯ ತನ್ನ ಜನರಿಗಾಗಿ ಪ್ರಾರ್ಥಿಸುವುದನ್ನು ಯೂದ ಮಕ್ಕಬಿ ಕನಸಿನಲ್ಲಿ ಕಾಣುತ್ತಾನೆ. ಪ್ರೊಟೆಸ್ಟೆಂಟರ ಬೈಬಲಿಗೆ ಆ ಗ್ರಂಥ ಸೇರಿಲ್ಲ. ಹಾಗಾಗಿ ನಿಮ್ಮಿಬ್ಬರ ವಾದ ಒಂದೇ ಸಂಜೆಗೆ ಮುಗಿಯುವಂಥದ್ದಲ್ಲ. ಪೋಪರು ತಂದದ್ದು ಎನ್ನುವುದನ್ನು ಮಾತ್ರ ಅವರು ಕೈಬಿಡಲಿ. ರೋಮಿನ ಜೊತೆ ಇಲ್ಲದ ಆರ್ಥೊಡಾಕ್ಸ್ ಸಭೆಗಳೂ ಸಂತರನ್ನು ಬೇಡುತ್ತವೆ.

ಪ್ರಶ್ನೆ: ಸಂತ ಜೂಡರ ಪ್ರಾರ್ಥನೆಯನ್ನು 9 ಜನರಿಗೆ ಕಳಿಸಿ, ಕಳಿಸದಿದ್ದರೆ ಕೆಟ್ಟದಾಗುತ್ತದೆ ಎಂದು ಮೊಬೈಲಿಗೆ ಬಂದಿದೆ. ಏನು ಮಾಡಲಿ?

ಉತ್ತರ: ಅಳಿಸಿಬಿಡಿ. ಸಂತ ಜೂಡ್ ನಿಮಗಾಗಿ ಬೇಡುವವರು, ನಿಮ್ಮನ್ನು ಹೆದರಿಸುವವರಲ್ಲ. ಯೇಸು ಸ್ವರ್ಗಕ್ಕೆ ಏರಿದ ಮೇಲೆ ಪವಿತ್ರಾತ್ಮ ಬರುವವರೆಗೆ ಶಿಷ್ಯರು ಮರಿಯಳ ಜೊತೆ ಕೂಡಿ ಪ್ರಾರ್ಥಿಸುತ್ತಾ ಕಾದರಲ್ಲ, 9 ದಿನ ಬಿಡದೆ ಮಾಡುವ ನೊವೆನಾ ಪ್ರಾರ್ಥನೆಯ ಬೇರು ಅಲ್ಲಿದೆ. ಅವರು ಯಾರಿಗೂ 9 ಪ್ರತಿ ಮಾಡಿ ಹಂಚಲಿಲ್ಲ. ಸಂತರನ್ನು ಬೇಡುವುದು ಒಳ್ಳೆಯದು, ಉಪಯೋಗದ್ದು ಎಂದು 1563ರಲ್ಲಿ ಹೇಳಿದ, ಕಥೋಲಿಕ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆಯೇ ಅದರಲ್ಲಿ ಸೇರಿದ ಮೂಢನಂಬಿಕೆಯನ್ನೂ ಕಾಸಿನಾಸೆಯನ್ನೂ ಕಿತ್ತುಹಾಕಿ ಎಂದೂ ಹೇಳಿತ್ತು. ಅರ್ಧವನ್ನಷ್ಟೇ ನಾವು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ.

ಪ್ರಶ್ನೆ: ನನ್ನ ಅಕ್ಕನಿಗೆ ಕ್ಯಾನ್ಸರ್ ಇತ್ತು. ಇಬ್ಬರು ಚಿಕ್ಕ ಮಕ್ಕಳು. ನೊವೆನಾ ಮುಗಿಸಿ ಮತ್ತೆ ಶುರುಮಾಡುತ್ತಿದ್ದೆ. ಅವಳು ಹೋಗಿಬಿಟ್ಟಳು. ನಿನ್ನ ವಿಶ್ವಾಸ ಸಾಲಲಿಲ್ಲ ಎಂದು ಒಬ್ಬರು ಹೇಳಿದರು. ಸಂತರು ನನಗಾಗಿ ಬೇಡಲೇ ಇಲ್ಲವೇ?

ಉತ್ತರ: ತಂಗಿ, ಹಾಗೆ ಹೇಳಿದವರ ಮಾತನ್ನು ಮನಸ್ಸಿನಿಂದ ತೆಗೆದುಹಾಕು. ಅವರು ಯಾರೇ ಆಗಿರಲಿ.

ಗೆತ್ಸೆಮನೆಯ ತೋಟದಲ್ಲಿ ಯೇಸು, ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದೂರವಾಗಲಿ ಎಂದು ಬೇಡಿದ. ದೂರವಾಗಲಿಲ್ಲ. ಅವನ ವಿಶ್ವಾಸ ಸಾಲಲಿಲ್ಲವೇ? ತನ್ನ ಮೈಗೆ ನಾಟಿದ್ದ ಮುಳ್ಳನ್ನು ತೆಗೆ ಎಂದು ಪೌಲ ಮೂರು ಸಲ ಕೇಳಿದ. ತೆಗೆಯಲಿಲ್ಲ. ನಿನಗೆ ನನ್ನ ಕೃಪೆ ಸಾಕು ಎಂಬ ಉತ್ತರ ಬಂತು. ಆ ಉತ್ತರ ಕೇಳಿದ ದಿನವೇ ಅವನಿಗೆ ಅದು ಸಾಕು ಅನ್ನಿಸಿತೋ ಇಲ್ಲವೋ, ಅದನ್ನು ಅವನು ಬರೆದಿಲ್ಲ. ಕಾನಾ ಊರಿನ ಮದುವೆಯಲ್ಲಿ ಅವರಲ್ಲಿ ದ್ರಾಕ್ಷಾರಸವಿಲ್ಲ ಎಂದು ಮರಿಯಳು ಒಂದು ಮಾತು ಹೇಳಿದಳು, ಆಗಿಹೋಯಿತು. ಅದೇ ಮರಿಯಳು ಶಿಲುಬೆಯ ಬುಡದಲ್ಲಿ ನಿಂತಿದ್ದಾಗ ಮಗ ಕೆಳಗಿಳಿದು ಬರಲಿಲ್ಲ. ಬೇಡಿದ್ದೆಲ್ಲ ಸಿಕ್ಕಿದವರು ಸಂತರಲ್ಲಿ ಯಾರಿದ್ದಾರೆ ಎಂದು ನೀನೇ ಹುಡುಕು. ಹುತಾತ್ಮರ ಪಟ್ಟಿಯಿಂದಲೇ ಶುರುಮಾಡು.

ಅವರು ಬೇಡಿದರೇ ಎಂದು ಕೇಳಿದ್ದೀಯ. ಬೇಡಿದರು ಎಂದು ನಾನು ನಂಬುತ್ತೇನೆ. ನಿನ್ನ ಜೊತೆ, ಕೊನೆಯವರೆಗೆ. ಅವರು ಬೇಡುವುದು ದೇವರ ಕೈ ತಿರುಚಲಿಕ್ಕಲ್ಲ. ನಾವು ಬೇಡುವುದೂ ಹಾಗಲ್ಲ. ಅಕ್ಕ ಯಾಕೆ ಬದುಕಲಿಲ್ಲ ಎಂಬುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇದೆ ಎನ್ನುವವರಿಂದ ಸ್ವಲ್ಪ ದೂರ ಇರು.

ಲಿಸ್ಯೂವಿನ ಸಂತ ತೆರೇಸಾ ಕ್ಷಯದಿಂದ ಸತ್ತದ್ದು 1897ರಲ್ಲಿ, 24ನೇ ವಯಸ್ಸಿನಲ್ಲಿ. ಭೂಮಿಯ ಮೇಲೆ ಒಳ್ಳೆಯದು ಮಾಡುತ್ತಾ ನನ್ನ ಸ್ವರ್ಗವನ್ನು ಕಳೆಯುತ್ತೇನೆ ಎಂದು ಅವಳು ಹೇಳಿದ್ದನ್ನು ಎಲ್ಲ ಕಾರ್ಡುಗಳ ಮೇಲೂ ಅಚ್ಚುಹಾಕುತ್ತಾರೆ. ಅದೇ ದಿನಗಳಲ್ಲಿ, ಅಂದರೆ 1896ರ ಪಾಸ್ಖ (ಈಸ್ಟರ್) ಹಬ್ಬದಿಂದ ಸಾಯುವವರೆಗೆ, ಸ್ವರ್ಗ ಇದೆಯೋ ಇಲ್ಲವೋ ಎಂಬ ಕತ್ತಲು ಅವಳನ್ನು ಕಾಡಿತು. ಅದನ್ನು ಕಾರ್ಡಿಗೆ ಹಾಕುವುದಿಲ್ಲ. ಕಾಣದ ಸ್ವರ್ಗದಿಂದ ಸಹಾಯ ಮಾಡುತ್ತೇನೆ ಎಂದು ಮಾತು ಕೊಟ್ಟ ಹುಡುಗಿ ಅವಳು. ನಿನ್ನ ಸ್ಥಿತಿ ಅವಳಿಗೆ ತಿಳಿಯುತ್ತದೆ.

ನನ್ನ ತಮ್ಮ ತೀರಿಕೊಂಡ ಮೇಲೆ ಬಹಳ ದಿನ ಮನವಿಮಾಲೆಯಲ್ಲಿ ನನ್ನ ಬಾಯಿಂದ ಪ್ರಾರ್ಥಿಸಿರಿ ಎನ್ನುವ ಮಾತು ಹೊರಡುತ್ತಿರಲಿಲ್ಲ. ಪುಸ್ತಕ ಹಿಡಿದು ನಿಂತಿರುತ್ತಿದ್ದೆ. ಆಚೀಚೆ ನಿಂತವರು ಹೇಳುತ್ತಿದ್ದರು, ನನ್ನ ಪಾಲಿನದ್ದನ್ನೂ ಸೇರಿಸಿ. ಸದ್ಯಕ್ಕೆ ನೀನೂ ಸುಮ್ಮನೆ ನಿಂತಿರು, ಸಾಕು. ಸಂತರ ಮೇಲೆ ಕೋಪ ಬಂದರೆ ಅದನ್ನು ಅವರಿಗೇ ಹೇಳು. ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ಯಾರಿದ್ದಾರೆ ಎಂದು ನೀನು ಬರೆದಿಲ್ಲ. ಇನ್ನೊಂದು ಪತ್ರ ಬರೆ.

ಪ್ರಶ್ನೆ: ಟೀಚರ್, ನನ್ನ ಅಜ್ಜಿ ಸಂತಳಲ್ಲ. ತುಂಬಾ ಸಿಟ್ಟಿನವಳು, ಎಲ್ಲರ ಜೊತೆ ಜಗಳ. ಆದರೆ ನನಗೆ ಪ್ರಾರ್ಥನೆ ಕಲಿಸಿದ್ದು ಅವಳೇ. ಈಗ ಪರೀಕ್ಷೆ ಬಂದರೆ ಸಂತರಿಗಿಂತ ಮೊದಲು ಅಜ್ಜಿಯನ್ನು ಕೇಳಬೇಕು ಅನ್ನಿಸುತ್ತದೆ. ತಪ್ಪಾ? ಮನವಿಮಾಲೆಯಲ್ಲಿ ಅವಳ ಹೆಸರು ಸೇರಿಸಬಹುದಾ?

ಉತ್ತರ: ತಪ್ಪೇನಿಲ್ಲ ಮಗಳೇ. ಸಿಟ್ಟಿನ ಮಾತಿಗೆ ಬಂದರೆ ಮೇಲೆ ಹೇಳಿದ ಜೆರೋಮರ ಪತ್ರಗಳನ್ನು ಓದಬೇಕು ನೀನು. ನಿನ್ನ ಅಜ್ಜಿ ಎಷ್ಟೋ ವಾಸಿ ಅನ್ನಿಸಬಹುದು.

ಸಂತ ಪದವಿ ಕೊಡುವುದೆಂದರೆ ಯಾರನ್ನೋ ಸ್ವರ್ಗಕ್ಕೆ ಸೇರಿಸುವುದಲ್ಲ. ಇವರು ಅಲ್ಲಿದ್ದಾರೆ ಎಂದು ಧರ್ಮಸಭೆ ಸಾರಿ ಹೇಳುವುದು. ಪೋಪರು ಹಾಗೆ ವಿಧಿವತ್ತಾಗಿ ಸಾರಿದ್ದರ ಮೊದಲ ದಾಖಲೆ 993ರದ್ದು, ಆಗ್ಸ್‌ಬರ್ಗಿನ ಉಲ್ರಿಕ್ ಅವರಿಗಾಗಿ. ಅದಕ್ಕೂ ಮೊದಲು ಆಯಾ ಕಡೆಯ ಜನರೂ ಧರ್ಮಾಧ್ಯಕ್ಷರೂ ತಮ್ಮವರನ್ನು ಗುರುತಿಸುತ್ತಿದ್ದರು. ಪಟ್ಟಿಯಲ್ಲಿ ಹೆಸರಿಲ್ಲದವರು ಸ್ವರ್ಗದಲ್ಲಿ ಬೇಕಾದಷ್ಟು ಜನ ಇದ್ದಾರೆ, ನವೆಂಬರ್ 1 ಅವರ ಹಬ್ಬವೂ ಹೌದು.

ಮರುದಿನ, ನವೆಂಬರ್ 2, ಸತ್ತ ಎಲ್ಲ ವಿಶ್ವಾಸಿಗಳಿಗಾಗಿ ನಾವು ಬೇಡುವ ದಿನ. ಅಜ್ಜಿ ಈಗ ದೇವರನ್ನು ನೋಡುತ್ತಿದ್ದಾಳೋ, ಇನ್ನೂ ಆ ಸಿಟ್ಟು ತೊಳೆದುಹೋಗಬೇಕೋ, ನಮಗೆ ಗೊತ್ತಿಲ್ಲ ಅಲ್ವಾ? ಅದಕ್ಕೇ ಎರಡನ್ನೂ ಮಾಡು. ಅಜ್ಜಿಗಾಗಿ ದೇವರನ್ನು ಬೇಡು, ನನಗಾಗಿ ಬೇಡು ಎಂದು ಅಜ್ಜಿಗೂ ಹೇಳು. ಸತ್ತವರಿಗಾಗಿ ನಾವು ಮಾಡುವ ಪ್ರಾರ್ಥನೆ ಅವರಿಗೆ ಸಹಾಯ ಮಾಡುತ್ತದೆ, ಅವರು ನಮಗಾಗಿ ಮಾಡುವ ಪ್ರಾರ್ಥನೆಗೂ ಬಲ ಕೊಡುತ್ತದೆ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲೇ ಇದೆ, 958ನೇ ಕಂಡಿಕೆಯಲ್ಲಿ.

ಮನವಿಮಾಲೆಯ ವಿಷಯ: ದೇವಾಲಯದಲ್ಲಿ ಎಲ್ಲರ ಜೊತೆ ಹೇಳುವಾಗ ಸೇರಿಸಬೇಡ. ಅಲ್ಲಿನದು ಧರ್ಮಸಭೆಯ ಪ್ರಾರ್ಥನೆ, ಧರ್ಮಸಭೆ ಸಾರಿದ ಹೆಸರುಗಳೇ ಅಲ್ಲಿರುತ್ತವೆ. ಮನೆಯಲ್ಲಿ ನೀನೊಬ್ಬಳೇ ಹೇಳುವಾಗ ಸೇರಿಸಿಕೋ. ಪರೀಕ್ಷೆಗೆ ಓದುವುದನ್ನು ಮಾತ್ರ ಅಜ್ಜಿಗೆ ಬಿಡಬೇಡ.